ಗೇರ್‌ಬಾಕ್ಸ್ ಬದಲಿಸುವ ಮೊದಲು ಪ್ಲಗ್ ಬಿಚ್ಚಿ ನೋಡಿ

ಮಾನ್ಯ ಸಂಪಾದಕರೇ,

ಚಿಕ್ಕಂದಿನಲ್ಲಿ ಪೋಲಿಯೊ ಬಂದು ನನ್ನ ಎಡಗಾಲು ಸೊರಗಿದೆ. ಕ್ಲಚ್ ತುಳಿಯಲು ಆಗುವುದಿಲ್ಲ. ಆಟೋಮ್ಯಾಟಿಕ್ ಕಾರು ಸಿಕ್ಕಿದ ಮೇಲೆಯೇ ನಾನು ಯಾರನ್ನೂ ಕಾಯದೆ ಓಡಾಡಲು ಶುರು ಮಾಡಿದ್ದು. ದಿನಾ ಆಲ್ದೂರಿನಿಂದ ಚಿಕ್ಕಮಗಳೂರಿಗೆ ಬಂದು, ಬೀಜದ ಸಿಪ್ಪೆ ಬಿಡಿಸಿ ವಿಂಗಡಿಸುವ ಕಾಫಿ ಕ್ಯೂರಿಂಗ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಕಾರು 2010ರ ಮಾದರಿಯದ್ದು, ನಾಲ್ಕು ಗೇರಿನ ಹಳೇ ಕಾಲದ ಆಟೋಮ್ಯಾಟಿಕ್.

ಹೋದ ಮಳೆಗಾಲದಲ್ಲಿ ಒಂದು ಬೆಳಗ್ಗೆ ಏರಿನಲ್ಲಿ ಕಾರು ಇದ್ದಕ್ಕಿದ್ದಂತೆ ಸೊರಗಿತು. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಎಳೆಯುತ್ತಿಲ್ಲ. ಚೆಕ್ ಎಂಜಿನ್ ದೀಪ ಹತ್ತಿತ್ತು. ಪಕ್ಕಕ್ಕೆ ಹಾಕಿ, ಆಫ್ ಮಾಡಿ, ಐದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದೆ. ಏನೂ ಆಗಿಲ್ಲ ಎನ್ನುವ ಹಾಗೆ ಹೊರಟಿತು. ಎರಡು ದಿನ ಬಿಸಿಲು ಬಂದಾಗ ಸರಿಯಿತ್ತು. ಮತ್ತೆ ಮಳೆ ಹಿಡಿದ ದಿನ ಮತ್ತೆ ಅದೇ ಕಥೆ.

ಒಂದು ಗ್ಯಾರೇಜಿಗೆ ಕೊಂಡೊಯ್ದೆ. ಕೈಯಲ್ಲಿ ಹಿಡಿಯುವ ಸಣ್ಣ ಸ್ಕ್ಯಾನರ್ ಸಿಕ್ಕಿಸಿದರು. ಕಾರಿನ ಕಂಪ್ಯೂಟರ್ ಬರೆದಿಟ್ಟ ತಪ್ಪಿನ ಕೋಡ್ ಪಿ0700 ಎಂದು ಬಂತು. 'ಗೇರ್‌ಬಾಕ್ಸ್ ಹೋಗಿದೆ ಸಾರ್, ಹಳೇ ಗಾಡಿ, ಬದಲಾಯಿಸಬೇಕು' ಎಂದರು. ಸೆಕೆಂಡ್ ಹ್ಯಾಂಡ್ ಗೇರ್‌ಬಾಕ್ಸ್‌ಗೇ 85 ಸಾವಿರ, ಕೂಲಿ ಬೇರೆ. ಕಾರಿನ ಬೆಲೆಯೇ ಅಷ್ಟು ಉಳಿದಿದೆಯೋ ಇಲ್ಲವೋ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾರು ಹೋದರೆ ಕೆಲಸಕ್ಕೆ ಹೋಗುವುದು ಹೇಗೆ? ಮಳೆಯಲ್ಲಿ ಊರುಗೋಲು ಹಿಡಿದು ಬಸ್ಸು ಹತ್ತುವುದು ಏನೆಂದು ಹತ್ತಿದವರಿಗೇ ಗೊತ್ತು.

ಮನಸ್ಸಿಗೆ ಒಂದೇ ಮಾತು ಕೊರೆಯುತ್ತಿತ್ತು. ಕ್ಲಚ್ ಪೆಡಲ್ ಇಲ್ಲದಿದ್ದರೂ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಒಳಗೆ ಕ್ಲಚ್ ಪ್ಲೇಟುಗಳಿರುತ್ತವೆ. ಅವು ಸವೆದಿದ್ದರೆ ಆಫ್ ಮಾಡಿ ಆನ್ ಮಾಡಿದ ಕೂಡಲೇ ಸರಿಹೋಗುವುದು ಹೇಗೆ? ಸವೆದ ಪ್ಲೇಟಿಗೆ ಮಳೆ, ಬಿಸಿಲು ಎಂದು ಗೊತ್ತಾಗುತ್ತದೆಯೇ?

ಪರಿಚಯದವರೊಬ್ಬರು ಹಾಸನದ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಲು ಹೇಳಿದರು. ಬೇಲೂರಿನ ಮೇಲೆ ನಿಧಾನಕ್ಕೆ ಹೋದೆ. ಆ ಹುಡುಗ ಮೊದಲು ಕೇಳಿದ್ದು ಹಣದ ಮಾತಲ್ಲ, 'ಯಾವಾಗ ಹೀಗಾಗುತ್ತೆ ಅಣ್ಣ? ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಎಂಜಿನ್ ಸುಮ್ನೆ ಕೂಗುತ್ತಾ, ಇಲ್ಲ ಉಸಿರು ಕಟ್ಟಿದ ಹಾಗೆ ಆಗುತ್ತಾ?' ಎಂದು.

ಈ ಕೊನೆಯ ಪ್ರಶ್ನೆ ಬಹಳ ಮುಖ್ಯ ಎಂದು ಆಮೇಲೆ ತಿಳಿಯಿತು. ಎಂಜಿನ್ ಜೋರಾಗಿ ಕೂಗಿ ಕಾರು ಮಾತ್ರ ಓಡದಿದ್ದರೆ ಒಳಗೆ ಕ್ಲಚ್ ಜಾರುತ್ತಿದೆ. ಇಲ್ಲವೇ ಆಯಿಲ್ ಕಡಿಮೆಯಾಗಿ ಒತ್ತಡ ಸಾಲುತ್ತಿಲ್ಲ. ಲಿವರ್ ಡಿಗೆ (ಮುಂದೆ ಹೋಗುವ ಸ್ಥಾನಕ್ಕೆ) ಹಾಕಿದ ಮೇಲೆ ಎರಡು ಮೂರು ಸೆಕೆಂಡ್ ಬಿಟ್ಟು ಗೇರ್ ಹಿಡಿದರೂ ಮೊದಲು ಆಯಿಲನ್ನೇ ನೋಡಬೇಕು. ನನ್ನದು ಎರಡೂ ಆಗಿರಲಿಲ್ಲ. ಕಾರು ಮೂರನೇ ಗೇರಿನಲ್ಲೇ ನಿಂತುಬಿಡುತ್ತಿತ್ತು. ಏರಿನಲ್ಲಿ ಮೂರನೇ ಗೇರಿನಿಂದ ಹೊರಟರೆ ಯಾವ ಕಾರು ಎಳೆಯುತ್ತೆ? ತಪ್ಪು ಕಂಡಾಗ ಗೇರ್‌ಬಾಕ್ಸಿನ ಕಂಪ್ಯೂಟರೇ ಹೀಗೆ ಒಂದು ಗೇರಿನಲ್ಲಿ ಹಿಡಿದು ನಿಲ್ಲಿಸುತ್ತದಂತೆ, ಒಳಗಿನ ಭಾಗ ಹಾಳಾಗದಿರಲಿ ಎಂದು.

ಅವನು ಮೊದಲು ಆಯಿಲ್ ನೋಡಿದ. ಸಮತಟ್ಟಾದ ಜಾಗದಲ್ಲಿ, ಎಂಜಿನ್ ಬಿಸಿಯಾದ ಮೇಲೆ, ಸ್ಟಾರ್ಟ್‌ನಲ್ಲೇ ಇಟ್ಟು. ಬ್ರೇಕ್ ಒತ್ತಿ ಲಿವರನ್ನು ಎಲ್ಲ ಕಡೆಗೂ ಒಮ್ಮೆ ಓಡಿಸಿ, ವಾಪಸ್ ತಂದು, ಆಯಿಲ್ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ ಎಳೆದ. (ಕೆಲವು ಕಾರುಗಳಲ್ಲಿ ಆಫ್ ಮಾಡಿದ ಕೂಡಲೇ ನೋಡಬೇಕು, ಕೆಲವಕ್ಕೆ ಡಿಪ್‌ಸ್ಟಿಕ್ಕೇ ಇರುವುದಿಲ್ಲ. ಕಾರಿನ ಜೊತೆ ಬಂದ ಪುಸ್ತಕ ನೋಡಿ.) ಬಿಳಿ ಬಟ್ಟೆಗೆ ಒರೆಸಿ ನನ್ನ ಮೂಗಿನ ಹತ್ತಿರ ಹಿಡಿದ. ಬಣ್ಣ ಮಾಸಿದ ಕೆಂಪು. ಸುಟ್ಟ ವಾಸನೆ ಇಲ್ಲ. ಕಪ್ಪಾಗಿ ಸೀದ ವಾಸನೆ ಬಂದಿದ್ದರೆ ನಿಜವಾಗಿಯೂ ಚಿಂತೆ ಮಾಡಬೇಕಿತ್ತು. ಹಾಲು ಬೆರೆಸಿದ ಹಾಗಿದ್ದರೆ ರೇಡಿಯೇಟರ್ ನೀರು ಸೇರಿದೆ ಎಂದು ಅರ್ಥ.

ಆಮೇಲೆ ದೊಡ್ಡ ಸ್ಕ್ಯಾನರ್ ಹಾಕಿದ. ಪಿ0700 ಎಂದರೆ 'ಗೇರ್‌ಬಾಕ್ಸ್ ಕಂಪ್ಯೂಟರ್ ಏನೋ ದೂರು ಬರೆದಿದೆ, ಹೋಗಿ ಓದು' ಎಂದಷ್ಟೇ ಅರ್ಥವಂತೆ. ದೂರು ಏನೆಂದು ತಿಳಿಯಲು ಆ ಕಂಪ್ಯೂಟರನ್ನೇ ಓದಬೇಕು. ಓದಿದಾಗ ಪಿ0715 ಬಂತು. ಗೇರ್‌ಬಾಕ್ಸಿನ ಒಳಗೆ ಹೋಗುವ ಶಾಫ್ಟ್ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಎಣಿಸುವ ಸೆನ್ಸರಿನ ಲೆಕ್ಕ ತಪ್ಪಿದೆ ಎಂದು. ಒಳಗೆ ಬರುವ ಲೆಕ್ಕ, ಹೊರಗೆ ಹೋಗುವ ಲೆಕ್ಕ ಎರಡೂ ತಾಳೆಯಾಗಬೇಕು. ಇದು ನನ್ನಂಥ ಲೆಕ್ಕದವನಿಗೆ ಥಟ್ಟನೆ ಅರ್ಥವಾಯಿತು.

ಬ್ಯಾಟರಿ, ಏರ್ ಫಿಲ್ಟರ್ ಡಬ್ಬಿ ಬಿಚ್ಚಿ, ಕೆಳಗೆ ಕೈ ಹಾಕಿ ಆ ಸೆನ್ಸರಿಗೆ ವೈರ್ ಸೇರುವ ಪ್ಲಗ್ ಎಳೆದು ತೋರಿಸಿದ. ಕಿರುಬೆರಳಿನ ಉಗುರಿನಷ್ಟು ಇತ್ತು. ಒಳಗಿನ ರಬ್ಬರ್ ಒಣಗಿ ಬಿರಿದಿತ್ತು. ಪಿನ್ನಿನ ಮೇಲೆ ಹಸಿರು ಕಿಲುಬು, ಹಳೇ ತಾಮ್ರದ ಚೊಂಬಿನ ತಳದಲ್ಲಿ ಇರುತ್ತಲ್ವಾ, ಹಾಗೆ. ಮಲೆನಾಡಿನ ತೇವ ಇಷ್ಟು ವರ್ಷದಲ್ಲಿ ಅಲ್ಲಿಗೆ ಇಳಿದಿತ್ತು. ಪಿನ್ ಬದಲಿಸಿ, ಹೊಸ ರಬ್ಬರ್ ಹಾಕಿ, ಬ್ಯಾಟರಿಯ ಅರ್ಥ್ ವೈರನ್ನೂ ಉಜ್ಜಿ ಬಿಗಿ ಮಾಡಿದ. ಆಯಿಲನ್ನೂ ಬದಲಿಸಿದ. ಅದೂ ಸಿಕ್ಕಿದ್ದಲ್ಲ, ಈ ಗೇರ್‌ಬಾಕ್ಸಿಗೆ ಪುಸ್ತಕದಲ್ಲಿ ಹೇಳಿರುವ ಆಯಿಲ್ಲೇ. ಎಲ್ಲ ಸೇರಿ 5,400 ರೂಪಾಯಿ. ಅದಾದ ಮೇಲೆ ಉಳಿದ ಮಳೆಗಾಲವಿಡೀ ಕಾರು ಒಂದು ದಿನವೂ ನಿಂತಿಲ್ಲ.

ಮೊದಲ ಗ್ಯಾರೇಜಿನವರು ಮೋಸ ಮಾಡಿದರು ಎಂದು ನಾನು ಹೇಳುವುದಿಲ್ಲ. ಅವರಿಗೆ ಅಷ್ಟೇ ಗೊತ್ತಿತ್ತು. ಅವರ ಸ್ಕ್ಯಾನರಿಗೂ ಅಷ್ಟೇ ಗೊತ್ತಿತ್ತು. ಆದರೆ ಗೊತ್ತಿಲ್ಲದ್ದರ ಬೆಲೆ ತೆರುವವನು ಗಿರಾಕಿ. 2014ರಲ್ಲಿ ಮಾರುತಿ ಸೆಲೆರಿಯೊದಲ್ಲಿ ಎಎಂಟಿ (ಸಾಮಾನ್ಯ ಗೇರ್‌ಬಾಕ್ಸಿಗೇ ಕ್ಲಚ್, ಗೇರ್ ಬದಲಿಸುವ ಯಂತ್ರ ಜೋಡಿಸಿದ್ದು) ಬಂದ ಮೇಲೆ ಕಡಿಮೆ ಬೆಲೆಯ ಕಾರಿನಲ್ಲೂ ಆಟೋಮ್ಯಾಟಿಕ್ ಸಿಗತೊಡಗಿತು. ಆಗ ಕೊಂಡ ಕಾರುಗಳಿಗೆ ಈಗ ವಯಸ್ಸಾಗುತ್ತಿದೆ. ಎಎಂಟಿಯ ರೋಗ ಬೇರೆ, ಬೆಲ್ಟಿನ ಮೇಲೆ ನಡೆಯುವ ಸಿವಿಟಿಯದ್ದು ಬೇರೆ, ಆಯಿಲ್ ಮೂಲಕ ಎಂಜಿನ್ನಿನ ಬಲ ದಾಟಿಸುವ ನನ್ನದರಂಥ ಟಾರ್ಕ್ ಕನ್ವರ್ಟರಿನದ್ದೇ ಬೇರೆ. ಎಲ್ಲಕ್ಕೂ 'ಗೇರ್‌ಬಾಕ್ಸ್ ಹೋಗಿದೆ' ಎಂಬ ಒಂದೇ ಉತ್ತರ ಸಾಲದು.

ಗ್ಯಾರೇಜಿನವರಲ್ಲಿ ನನ್ನ ಕೋರಿಕೆ ಇಷ್ಟೇ. ಗೇರ್‌ಬಾಕ್ಸ್ ಬದಲಿಸಿ ಎನ್ನುವ ಮೊದಲು, ಗೇರ್‌ಬಾಕ್ಸ್ ಕಂಪ್ಯೂಟರಿನಲ್ಲಿ ಬಂದ ಕೋಡನ್ನೂ, ಆಯಿಲ್ ಹೇಗಿತ್ತು ಎಂಬುದನ್ನೂ ಚೀಟಿಯಲ್ಲಿ ಬರೆದುಕೊಡಿ. ನಾವು ಇನ್ನೊಬ್ಬರ ಹತ್ತಿರ ತೋರಿಸಿ ಕೇಳಬಹುದು.

ಚಿಕ್ಕಮಗಳೂರು, ಹಾಸನದ ಐಟಿಐಗಳಲ್ಲಿ ಮೋಟಾರು ವಾಹನದ ಕೆಲಸ ಕಲಿಯುವ ಮಕ್ಕಳಿಗೆ ಓಡುವ ಆಟೋಮ್ಯಾಟಿಕ್ ಕಾರೊಂದರ ಮೇಲೆ ಕೈ ಆಡಿಸಿ ಕಲಿಯುವ ಅವಕಾಶ ಸಿಗಬೇಕು. ಬೇಕಾದರೆ ನನ್ನ ಕಾರನ್ನೇ ತಂದು ನಿಲ್ಲಿಸುತ್ತೇನೆ. ಆಯಿಲ್ ನೋಡಲಿ, ಸ್ಕ್ಯಾನರ್ ಹಾಕಲಿ, ಆ ಪ್ಲಗ್ ಬಿಚ್ಚಿ ಹಾಕಿ ಕಲಿಯಲಿ. ಕಿಲುಬು ಹಿಡಿದ ಹಳೇ ಪಿನ್ನನ್ನು ಒಂದು ಪೊಟ್ಟಣದಲ್ಲಿ ತೆಗೆದಿಟ್ಟಿದ್ದೇನೆ, ಅದನ್ನೂ ತರುತ್ತೇನೆ. ಶನಿವಾರ ಮಧ್ಯಾಹ್ನ ಆದರೆ ನನಗೆ ಅನುಕೂಲ.

— ಕ್ಯೂರಿಂಗ್ ಲೆಕ್ಕ ಗುಮಾಸ್ತ, ಆಲ್ದೂರು, ಚಿಕ್ಕಮಗಳೂರು