ಪುಣೆಗೆ ಹೊರಡಬೇಕಾದ ಮಗಳಿಗೆ

ನನ್ನವ್ವ,

ನಿನ್ನೆ ರಾತ್ರಿ ನೀನು ಫೋನ್ ಕಟ್ ಮಾಡಿದ ಮೇಲೆ ನಿನ್ನವ್ವ ಊಟಕ್ಕೆ ಏಳಲಿಲ್ಲ. "ಪುಣೆ ನೌಕರಿ ಬ್ಯಾಡ ಅಂತ ಮೇಲ್ ಹಾಕ್ತೀನಿ, ಅಲ್ಲಿ ಹೋದ ಮ್ಯಾಲ ಕೈಕಾಲು ಬಿದ್ದರ ಯಾರು ನೋಡ್ತಾರ" ಅಂದೆಯಲ್ಲ, ಆ ಮಾತಿಗೆ ನನ್ನ ದನಿ ಏರಿತು. ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ನನಗೆ ಸಮಾಧಾನವಾಗಿ ಮಾತಾಡೋಕೆ ಬರಲ್ಲ, ನಿನಗೂ ಗೊತ್ತು. ಅದಕ್ಕೇ ಮಗ್ಗದಿಂದ ಎದ್ದು ಬಂದು ಬರೆಯುತ್ತಿದ್ದೇನೆ. ಆ ಮೇಲ್ ಇನ್ನೂ ಹಾಕಿಲ್ಲ ಅಂತ ನಂಬಿದ್ದೇನೆ.

ನಿನ್ನ ಕಾಲು ಅದುರುವುದು ಸುಳ್ಳು ಅಂತ ನಾನು ಯಾವತ್ತೂ ಅಂದಿಲ್ಲ. ಪಂಚಮಿಗೆ ಬಂದಾಗ ಕಣ್ಣಾರೆ ನೋಡಿದ್ದೇನೆ. "ಯಪ್ಪಾ, ಮತ್ತ ಹಾರಾಕತ್ತೈತಿ ನೋಡು" ಅಂತ ಕಾಲು ಚಾಚಿದೆ. ಮೀನಖಂಡದಲ್ಲಿ ಚರ್ಮದ ಕೆಳಗೆ ಹುಳ ಹರಿದಂತೆ ಸಣ್ಣಗೆ ಮಿಡಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ನಿಂತಿತು. ಆಮೇಲೆ ತೋಳು, ಆಮೇಲೆ ಕಣ್ಣಿನ ರೆಪ್ಪೆ. "ಎಡಗಣ್ಣು ಹಾರಿದರ ಹೆಣ್ಣಮಕ್ಕಳಿಗೆ ಚಲೋ" ಅಂತ ನಿಮ್ಮಜ್ಜಿ ಅಂದಳು. ನೀನು ಉಂಡಿ ಅರ್ಧಕ್ಕೇ ಬಿಟ್ಟು ಒಳಗೆ ಹೋದೆ. ಜೋಕಾಲಿ ಹತ್ತಿರವೂ ಬರಲಿಲ್ಲ.

ಕಾಕಾನಿಗೆ ಬಂದ ಎಎಲ್ಎಸ್, ನರ ಸತ್ತು ಸ್ನಾಯು ಸೊರಗುವ ಆ ಕಾಯಿಲೆ, ನಿನಗೂ ಬಂತು ಅಂತ ನಿನ್ನ ಭಯ. ಅದು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಕಾಕಾನ ಕೊನೆಯ ವರ್ಷದ ಬಗ್ಗೆ ಬರೆಯಲ್ಲ. ಇಬ್ಬರೂ ನೋಡಿದ್ದೇವೆ. ಆದರೆ ಅದು ಶುರುವಾದದ್ದು ಹೇಗೆ ಅಂತ ನೀನು ನೋಡಿಲ್ಲ. ಆಗ ನೀನು ಅಂಗನವಾಡಿಗೆ ಹೋಗುವ ಹುಡುಗಿ. ನಾನು ನೋಡಿದ್ದೇನೆ, ಪಕ್ಕದಲ್ಲೇ ಕೂತು.

ನಮ್ಮ ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಸೇರಿಸಿ ಕೊಂಡಿ ಹಾಕಬೇಕು, ಅದೂ ಸೀರೆ ಸೀರೆಗೂ ಹೊಸದಾಗಿ. ಓಣಿಯಲ್ಲಿ ಕಾಕಾನಷ್ಟು ಬೇಗ ಕೊಂಡಿ ಹಾಕುವವರು ಇರಲಿಲ್ಲ. ಹೆಬ್ಬೆರಳು, ತೋರುಬೆರಳು, ಅಷ್ಟೇ ಕಾಣಿಸುತ್ತಿದ್ದದ್ದು. ಒಂದು ದಿನ ಎಳೆ ಅವನ ಬೆರಳಿನಿಂದ ಜಾರಿತು. ಮತ್ತೆ ಹಿಡಿದ, ಮತ್ತೆ ಜಾರಿತು. ಕೈ ಬೆವರಿರಬೇಕು ಅಂತ ಧೋತರಕ್ಕೆ ಒರೆಸಿಕೊಂಡ. "ಬೆರಳು ಮಾತ ಕೇಳವಲ್ಲವು" ಅಂದ. ನಾವು ನಕ್ಕೆವು. ವಯಸ್ಸಾಯಿತು ಬಿಡು ಅಂದೆವು. ಆಮೇಲೆ ಅಂಗಿ ಗುಂಡಿ ಹಾಕೋಕೆ ಆಗದಾಯಿತು. ಸುಣ್ಣದ ಡಬ್ಬಿ ತೆರೆಯೋಕೆ ನನ್ನ ಕೈಗೆ ಕೊಡುತ್ತಿದ್ದ. ಆ ಡಬ್ಬಿ ಕೊಡುವಾಗ ಅವನ ಕೈ ನೋಡಿದೆ. ಹೆಬ್ಬೆರಳು ತೋರುಬೆರಳಿನ ನಡುವಿನ ಮಾಂಸ ಕರಗಿ ಗುಣಿ ಬಿದ್ದಿತ್ತು. ಇನ್ನೊಂದು ಕೈಯಲ್ಲಿ ಹಾಗಿರಲಿಲ್ಲ.

ಇಷ್ಟಾಗುವವರೆಗೂ ಅವನು ಒಂದೇ ಒಂದು ಸಲ ಮೈ ಅದುರುತ್ತದೆ ಅನ್ನಲಿಲ್ಲ. ಅದುರುತ್ತಿತ್ತು, ಆದರೆ ಅದನ್ನು ಕಂಡವರು ಡಾಕ್ಟರು. ಅಂಗಿ ಬಿಚ್ಚಿಸಿ, ಸೊರಗಿದ ತೋಳನ್ನು ತೋರಿಸಿ "ಇದು ಯಾವಾಗಿಂದ" ಅಂತ ಕೇಳಿದರು. ಕಾಕಾ ನನ್ನ ಮುಖ ನೋಡಿದ. ಅವನಿಗೇ ಗೊತ್ತಿರಲಿಲ್ಲ. ಅವನನ್ನು ಹೆದರಿಸಿದ್ದು ಬೆರಳಿನಲ್ಲಿ ಹಿಡಿತ ಹೋದದ್ದು. ಎಷ್ಟೋ ರಾತ್ರಿ ಇದನ್ನೇ ಯೋಚಿಸಿದ್ದೇನೆ. ಎಳೆ ಜಾರಿದ್ದು, ಧೋತರಕ್ಕೆ ಒರೆಸಿಕೊಂಡದ್ದು, ನಾವು ನಕ್ಕದ್ದು. ಈಗಲೂ ನನ್ನ ಕೈಯಿಂದ ಎಳೆ ಜಾರಿದರೆ ಒಂದು ಗಳಿಗೆ ಎದೆ ಧಸಕ್ ಅನ್ನುತ್ತದೆ. ಈ ಭಯ ನಿನ್ನೊಬ್ಬಳದೇ ಅಲ್ಲ, ಅವ್ವ.

ನಿನ್ನನ್ನು ದಿನಾ ಸಂಜೆ ಅವನ ಮನೆಗೆ ಕರೆದುಕೊಂಡು ಹೋಗುತ್ತಿದ್ದದ್ದೇ ಇದಕ್ಕೆಲ್ಲ ಕಾರಣ ಅಂತ ನಿನ್ನವ್ವ ಈಗ ಅನ್ನುತ್ತಾಳೆ. ಇರಬಹುದು. ಆದರೂ ಕರೆದುಕೊಂಡು ಹೋದದ್ದಕ್ಕೆ ನಾನು ಬೇಸರಪಡಲ್ಲ. ಮಾತು ನಿಂತ ಮೇಲೂ ನೀನು ಪಾಠ ಓದಿದರೆ ಅವನ ಕಣ್ಣು ಅರಳುತ್ತಿತ್ತು. ಹತ್ತು ವರ್ಷದ ಹುಡುಗಿ ಅಷ್ಟು ಹೊತ್ತು ಅಲ್ಲಿ ಕೂರುತ್ತಿದ್ದಳಲ್ಲ, ಅದು ನನಗೆ ನಿನ್ನ ಡಿಗ್ರಿಗಿಂತ ದೊಡ್ಡದು.

ಧಾರವಾಡದಲ್ಲಿ ನಿನಗೆ ಇಎಂಜಿ, ಅದೇ ನರ ಸ್ನಾಯುಗಳ ಸೂಜಿ ಟೆಸ್ಟ್, ಮಾಡಿದಾಗ ನಾನೂ ಪಕ್ಕದಲ್ಲೇ ಇದ್ದೆ. ಸೂಜಿ ಚುಚ್ಚಿ ಕಾಲು ಸಡಿಲ ಬಿಡು ಅಂದರು. ಮಷೀನು ಸುಮ್ಮನಿತ್ತು. ಆಗೊಮ್ಮೆ ಈಗೊಮ್ಮೆ 'ಟಪ್' ಅಂದಿತು, ನೀನು ನನ್ನ ಕೈ ಹಿಚುಕಿದೆ. ಬಿಗಿ ಹಿಡಿ ಅಂದಾಗ ಭರ್ರನೆ ಸದ್ದು. ನರ ಸತ್ತ ಲಕ್ಷಣ ಎಲ್ಲೂ ಇಲ್ಲ ಅಂದರು. ಅದಕ್ಕೂ ಮೊದಲು ಕೈಕಾಲಿನ ಬಲ ನೋಡಿದರು, ಮಂಡಿಗೆ ಸುತ್ತಿಗೆ ತಟ್ಟಿದರು. ಥೈರಾಯ್ಡ್, ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಸರಿಯಿತ್ತು. ಬಲ ಕಡಿಮೆಯಾಗದೆ ಬರೀ ಅದುರುವುದು ಬಹಳ ಜನರಿಗೆ ಇರುತ್ತದೆ, ನಿದ್ದೆಗೆಟ್ಟರೆ, ಚಹಾ ಕಾಫಿ ಜಾಸ್ತಿಯಾದರೆ, ಚಿಂತೆ ಹತ್ತಿದರೆ ಇನ್ನೂ ಹೆಚ್ಚಾಗುತ್ತದೆ ಅಂದರು. ಡಾಕ್ಟರುಗಳಿಗೇ ಅದುರು ಶುರುವಾಗಿ ಇದೇ ಭಯ ಬರುವುದುಂಟಂತೆ. ಅಮೆರಿಕದ ಮೇಯೋ ಕ್ಲಿನಿಕ್‌ನವರು ಇಂಥ 121 ಜನರ ಮೇಲೆ ವರ್ಷಗಟ್ಟಲೆ ಕಣ್ಣಿಟ್ಟು 1993ರಲ್ಲಿ ವರದಿ ಮಾಡಿದ್ದರು. ಒಬ್ಬರಿಗೂ ಕಾಕಾನ ಕಾಯಿಲೆ ಬರಲಿಲ್ಲ.

ಹೊರಗೆ ಬಂದು ನೀನು ಕೇಳಿದ್ದು, "ಸ್ಟೀಫನ್ ಹಾಕಿಂಗ್‌ಗೆ 21ಕ್ಕೇ ಬಂತಲ್ಲಪಾ?" ಬಂತು. 1963ರಲ್ಲಿ ಗೊತ್ತಾಯಿತು. ಆದರೆ ಅವರು ಎಡವಿ ಬೀಳುತ್ತಿದ್ದರು, ಮಾತು ತೊದಲುತ್ತಿತ್ತು. ನಿನ್ನ ಮುಂದೆ 121 ಜನರನ್ನು ಇಟ್ಟರೂ ನೀನು ಆ ಒಬ್ಬರನ್ನೇ ಹಿಡಿದು ಕೂರುತ್ತೀಯ. ನಿನ್ನನ್ನು ಕಾಡುತ್ತಿರುವುದು ಈ ಹಿಡಿದು ಕೂರುವುದು, ಅವ್ವ. ಡಾಕ್ಟರ್ ಮಾತಿನ ಸಮಾಧಾನ ನಿನಗೆ ಊರಿನ ಬಸ್ಸು ಹತ್ತುವವರೆಗೆ ಮಾತ್ರ ಇತ್ತು. ಸೀಟಿನಲ್ಲಿ ಕೂತವಳೇ ಮೊಬೈಲ್ ತೆಗೆದೆ.

ರಾತ್ರಿ ಪಡಸಾಲೆಯಲ್ಲಿ ಬೆರಳ ತುದಿ ಮೇಲೆ, ಹಿಮ್ಮಡಿ ಮೇಲೆ ನಡೆದು ನಡೆದು ನೋಡುತ್ತಿದ್ದೆಯಲ್ಲ, ನಾನು ಎಚ್ಚರವಿದ್ದೆ. ಟೇಪು ಹಿಡಿದು ಎರಡೂ ಮೀನಖಂಡ ಅಳೆದದ್ದನ್ನೂ ನೋಡಿದೆ. ಯಾರ ಎರಡು ಕಾಲೂ ಒಂದೇ ಅಳತೆ ಇರಲ್ಲ. ಅಷ್ಟು ದಣಿಸಿದರೆ ಸ್ನಾಯು ಅದುರದೆ ಇನ್ನೇನು ಮಾಡುತ್ತದೆ? ಅದುರಿದರೆ ಭಯ, ಭಯಕ್ಕೆ ನಿದ್ದೆ ಇಲ್ಲ, ನಿದ್ದೆ ಇಲ್ಲದ್ದಕ್ಕೆ ಚಹಾ, ಚಹಾಕ್ಕೆ ಮತ್ತೆ ಅದುರು. ರಾತ್ರಿ ಮೊಬೈಲ್ ಬೇರೆ ಕೋಣೆಯಲ್ಲಿಡು. ನಾಲ್ಕು ಕಪ್ಪಿನ ಚಹಾ ಒಂದಕ್ಕಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು, ಬರೀ ಬಿಸ್ಕಿಟ್ ಮೇಲೆ ದಿನ ತಳ್ಳಬೇಡ. ಸಂಜೆ ನಡೆ, ಆದರೆ ಪರೀಕ್ಷೆ ಮಾಡೋಕೆ ಅಲ್ಲ, ಸುಮ್ನೆ ನಡೆ. ತಲೆಗೆ ಎಣ್ಣೆ ಹಚ್ಚಿಕೊ ಅಂತ ನಿನ್ನವ್ವ ಪಕ್ಕದಲ್ಲಿ ನಿಂತು ಬರೆಸುತ್ತಿದ್ದಾಳೆ.

ಇನ್ನೊಂದು ಮಾತು ಬರೆಯಲೋ ಬೇಡವೋ ಅಂತ ಬಹಳ ಯೋಚಿಸಿದೆ. ನಿಜವಾಗಿ ಬಲ ಹೋಗಿ, ಚಪ್ಪಲಿ ಕಾಲಿನಿಂದ ಜಾರತೊಡಗಿದರೆ, ಬಾಟಲಿ ಮುಚ್ಚಳ ತಿರುವಲು ಬಾರದಿದ್ದರೆ, ತಡಮಾಡದೆ ಡಾಕ್ಟರ ಹತ್ತಿರ ಹೋಗೋಣ. ಪುಣೆಯಲ್ಲಿದ್ದರೂ ನಾನು ಬರುತ್ತೇನೆ. ಇದನ್ನು ಓದಿ ನಾಳೆಯಿಂದ ಮುಚ್ಚಳ ತಿರುವಿ ತಿರುವಿ ನೋಡುತ್ತೀಯ ಅಂತಲೇ ನನಗೆ ಹೆದರಿಕೆ. ದಯವಿಟ್ಟು ಹಾಗೆ ಮಾಡಬೇಡ. ಪಂಚಮಿಯಲ್ಲಿ ತುಂಬಿದ ಕೊಡ ಎತ್ತಿ ಮೆಟ್ಟಿಲು ಹತ್ತಿದವಳು ನೀನು. ಆಗ ಕಾಲು ನೆನಪಿಗೇ ಬಂದಿರಲಿಲ್ಲ, ಅಲ್ವಾ?

ಈ ಭಯಕ್ಕೂ ಚಿಕಿತ್ಸೆ ಇದೆ. ಮಾತಿನ ಚಿಕಿತ್ಸೆ ಇದೆ, ಬೇಕಾದರೆ ಮಾತ್ರೆಯೂ ಇದೆ. ಧಾರವಾಡದಲ್ಲೇ ಮನಸ್ಸಿನ ಕಾಯಿಲೆಗಳ ಆಸ್ಪತ್ರೆ ಡಿಮ್ಹಾನ್ಸ್ ಇದೆ, ನಿನ್ನ ರೂಮಿನಿಂದ ಆಟೋದಲ್ಲಿ ಹೋಗಬಹುದು. ರಾತ್ರಿ ತಡೆಯೋಕಾಗದಿದ್ದರೆ ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, 14416, ಕನ್ನಡದಲ್ಲೇ ಮಾತಾಡುತ್ತಾರೆ. ಹುಚ್ಚಾಸ್ಪತ್ರೆ ಅಂತ ಯಾರಾದರೂ ಅಂದರೆ ನನ್ನ ಹೆಸರು ಹೇಳು.

ನೌಕರಿಯ ಪತ್ರ ಬಂದ ದಿನ ಅದನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು ಸಂಘದ ಆಫೀಸಿಗೆ ಹೋಗಿದ್ದೆ. ಎಲ್ಲರಿಗೂ ಓದಿ ತೋರಿಸಿದೆ. ನೇಕಾರರ ಮನೆಯ ಹುಡುಗಿ ಅಂತ ಎಲ್ಲರೂ ಹಿಗ್ಗಿದರು. ಅದಕ್ಕಾಗಿ ಹೋಗು ಅನ್ನುತ್ತಿಲ್ಲ. ಇಲ್ಲಿ ಕೂತರೆ ನಿನಗೆ ಕಾಲು ನೋಡಿಕೊಳ್ಳುವುದು ಬಿಟ್ಟು ಬೇರೆ ಕೆಲಸ ಇರಲ್ಲ, ಅದಕ್ಕೆ ಹೋಗು ಅನ್ನುತ್ತೇನೆ.

ಇನ್ನೊಂದು ಆಸ್ಪತ್ರೆಯಲ್ಲಿ ಮತ್ತೆ ಸೂಜಿ ಟೆಸ್ಟ್ ಮಾಡಿಸಬೇಕು, ದುಡ್ಡು ಕಳಿಸು ಅಂದಿದ್ದೆ. ಅದಕ್ಕೆ ಕಳಿಸಲ್ಲ. ನೇರ ಹೇಳುತ್ತಿದ್ದೇನೆ, ಸಿಟ್ಟಾಗು ಬೇಕಾದರೆ. ಕೌನ್ಸೆಲಿಂಗ್‌ಗೆ ಎಷ್ಟು ಬೇಕಾದರೂ, ಎಷ್ಟು ತಿಂಗಳಾದರೂ ಕಳಿಸುತ್ತೇನೆ. ಬುಧವಾರ ಧಾರವಾಡಕ್ಕೆ ಬರುತ್ತೇನೆ, ಡಿಮ್ಹಾನ್ಸ್‌ಗೆ ಇಬ್ಬರೂ ಹೋಗೋಣ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ತರುತ್ತೇನೆ, ಅದನ್ನು ಪುಣೆಗೆ ಒಯ್ಯಿ. ಅಲ್ಲಿಯವರೆಗೆ ಆ ಮೇಲ್ ಮಾತ್ರ ಹಾಕಬೇಡ.

ನಿನ್ನ ಅಪ್ಪ
ಇಳಕಲ್