ಮುಟ್ಟಿ ನೋಡಲಿ, ಬಿಡಿ

ಪ್ರಿಯ ಕನ್ನಡ ಬಂಧುಗಳೇ,

ಈ ಸಂಚಿಕೆಯ ಬಹಳಷ್ಟು ಪುಟಗಳು ನಮ್ಮ ಮಕ್ಕಳ ವಿಜ್ಞಾನ ಮ್ಯೂಸಿಯಂ ಪ್ರವಾಸಕ್ಕೇ ಹೋಗಿವೆ. ಫೋಟೋಗಳು ಒಳಗಿವೆ, ಮಕ್ಕಳೇ ಬರೆದ ಟಿಪ್ಪಣಿಗಳೂ ಇವೆ, ದಯವಿಟ್ಟು ಅವನ್ನು ಮೊದಲು ಓದಿ. ನಾನಿಲ್ಲಿ ಬರೆಯುತ್ತಿರುವುದು ದೊಡ್ಡವರ ಬಗ್ಗೆ. ಇಂಥ ಜಾಗಕ್ಕೆ ಹೋದಾಗ ಮಕ್ಕಳು ಹೇಗಿರಬೇಕು ಅಂತ ನಾವು ಸಾಕಷ್ಟು ಹೇಳುತ್ತೇವೆ, ನಾವು ಹೇಗಿರಬೇಕು ಅಂತ ಯಾರೂ ಹೇಳುವುದಿಲ್ಲ. ನನ್ನ ಅಭಿಪ್ರಾಯ ನೇರವಾಗಿಯೇ ಹೇಳುತ್ತೇನೆ: ನಾವು ಮಾತು ಸ್ವಲ್ಪ ಕಡಿಮೆ ಮಾಡಬೇಕು, ಒಂದೊಂದು ಕಡೆ ಜಾಸ್ತಿ ಹೊತ್ತು ನಿಲ್ಲಬೇಕು.

ಅಲ್ಲಿ ಒಂದು ತಿರುಗುವ ಸ್ಟೂಲು ಇತ್ತು. ಅದರ ಮೇಲೆ ಕೂತವರ ಕೈಗೆ ಎರಡೂ ಕಡೆ ಹಿಡಿಕೆ ಇರುವ ಸೈಕಲ್ ಚಕ್ರ ಕೊಟ್ಟು, ಚಕ್ರವನ್ನು ಜೋರಾಗಿ ತಿರುಗಿಸುತ್ತಾರೆ. ಚಕ್ರ ನೆಟ್ಟಗಿರುವಷ್ಟು ಹೊತ್ತು ಏನೂ ಆಗುವುದಿಲ್ಲ. ಅದನ್ನು ಒಂದು ಪಕ್ಕಕ್ಕೆ ವಾಲಿಸಿದರೆ ಸಾಕು, ಯಾರೂ ತಳ್ಳದೆ ಸ್ಟೂಲು ತಿರುಗತೊಡಗುತ್ತದೆ. ಇನ್ನೊಂದು ಪಕ್ಕಕ್ಕೆ ವಾಲಿಸಿದರೆ ಉಲ್ಟಾ. ಚಕ್ರ, ಸ್ಟೂಲು, ಕೂತವರು ಎಲ್ಲ ಸೇರಿದ ಒಟ್ಟು ತಿರುಗಾಟದ ಲೆಕ್ಕ ಹೊರಗಿನಿಂದ ಯಾರಾದರೂ ತಿರುಚುವ ತನಕ ಬದಲಾಗುವ ಹಾಗಿಲ್ಲ. ಚಕ್ರದ ಪಾಲು ಬದಲಾದರೆ ಅದನ್ನು ಸರಿದೂಗಿಸಲು ಸ್ಟೂಲು ತಿರುಗಲೇಬೇಕು. ನಮ್ಮ ಗುಂಪಿನ ಒಬ್ಬ ಹುಡುಗಿ ಅಲ್ಲೇ ನಿಂತುಬಿಟ್ಟಳು. ಎಡಕ್ಕೆ ವಾಲಿಸಿದಳು, ಬಲಕ್ಕೆ ವಾಲಿಸಿದಳು, ಆಮೇಲೆ ಚಕ್ರವನ್ನು ನಿಧಾನ ತಿರುಗಿಸಿ ಕೊಡಿ ಅಂತ ಕೇಳಿದಳು. ನಿಧಾನವಾದರೆ ಸ್ಟೂಲು ಎಷ್ಟು ತಿರುಗುತ್ತೆ ಅಂತ ಅವಳಿಗೆ ನೋಡಬೇಕಿತ್ತು. ಇದು ಪ್ರಯೋಗವೇ ಅಲ್ವಾ? ಒಂದನ್ನು ಮಾತ್ರ ಬದಲಿಸಿ ಉಳಿದದ್ದನ್ನು ಹಾಗೇ ಇಟ್ಟು ನೋಡುವುದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಒಂದು ದನಿ ಬಂತು, "ಸಾಕು ಬಾ ಪುಟ್ಟಿ, ಮೇಲೆ ಇನ್ನೂ ಎಷ್ಟೊಂದಿದೆ." ಅವಳು ಇಳಿದು ಹೋದಳು.

ಕರೆದವರು ಪ್ರೀತಿಯಿಂದಲೇ ಕರೆದರು. ಅಷ್ಟು ದೂರ ಬಂದಿದ್ದೇವೆ, ಟಿಕೆಟ್ ತಗೊಂಡಿದ್ದೇವೆ, ಮಗು ಎಲ್ಲವನ್ನೂ ನೋಡಲಿ ಅನ್ನುವ ಆಸೆ ಯಾವ ತಂದೆ ತಾಯಿಗೆ ಇರುವುದಿಲ್ಲ? ಆದರೆ ಮಾಡಿ ನೋಡುವ ಮ್ಯೂಸಿಯಂನಲ್ಲಿ ಎಲ್ಲವನ್ನೂ ನೋಡುವುದಕ್ಕೆ ಹೊರಟರೆ ಯಾವುದನ್ನೂ ಮಾಡಿದಂತಾಗುವುದಿಲ್ಲ. ಗುಂಡಿ ಒತ್ತು, ಬೆಳಕು ಬಂತು, ಮುಂದೆ ನಡಿ. ಇಷ್ಟಕ್ಕೆ ಅಲ್ಲಿಗೆ ಹೋಗಬೇಕಾಗಿಲ್ಲ.

ಈ ಮ್ಯೂಸಿಯಂಗಳು ಹುಟ್ಟಿದ ಕಥೆ ಕೇಳಿದರೆ ನಾನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂತ ಗೊತ್ತಾಗುತ್ತದೆ. ಜರ್ಮನಿಯ ಮ್ಯೂನಿಕ್‌ನಲ್ಲಿ ಆಸ್ಕರ್ ಫಾನ್ ಮಿಲ್ಲರ್ ಎಂಬ ಎಂಜಿನಿಯರ್ 1903ರಲ್ಲಿ ಡಾಯ್ಚಸ್ ಮ್ಯೂಸಿಯಂ ಶುರುಮಾಡಿದರು. ಅಲ್ಲಿ ಜನ ಗುಂಡಿ ಒತ್ತಿ, ಹಿಡಿಕೆ ತಿರುಗಿಸಿ ಯಂತ್ರಗಳನ್ನು ತಾವೇ ಓಡಿಸಬಹುದಿತ್ತು. ಲಂಡನ್ನಿನ ಸೈನ್ಸ್ ಮ್ಯೂಸಿಯಂ 1931ರಲ್ಲಿ ಮಕ್ಕಳಿಗಾಗಿಯೇ ಒಂದು ಗ್ಯಾಲರಿ ತೆರೆಯಿತು. ಇವತ್ತು ನಾವು ನೋಡುವ ರೂಪ ಬರಲು ಮುಖ್ಯ ಕಾರಣ ಫ್ರಾಂಕ್ ಆಪನ್‌ಹೈಮರ್. ಹೌದು, ಅಣುಬಾಂಬಿನ ರಾಬರ್ಟ್ ಆಪನ್‌ಹೈಮರ್ ಅವರ ತಮ್ಮ. ತಾನೂ ಭೌತವಿಜ್ಞಾನಿ, ಅಣ್ಣನ ಜೊತೆ ಅದೇ ಯೋಜನೆಯಲ್ಲಿ ಕೆಲಸ ಮಾಡಿದವರು. ಹಿಂದೆ ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿದ್ದರು ಅನ್ನುವ ಕಾರಣಕ್ಕೆ 1949ರಲ್ಲಿ ವಿಶ್ವವಿದ್ಯಾಲಯದ ಕೆಲಸ ಬಿಡಬೇಕಾಯಿತು, ಆಮೇಲೆ ವರ್ಷಗಟ್ಟಲೆ ಬೇರೆ ಯಾವ ವಿಶ್ವವಿದ್ಯಾಲಯವೂ ಕರೆಯಲಿಲ್ಲ. ಕೊಲರಾಡೋ ಬೆಟ್ಟಗಳಲ್ಲಿ ದನ ಸಾಕಿಕೊಂಡಿದ್ದರು. ನಂತರ ಅಲ್ಲಿನ ಒಂದು ಪುಟ್ಟ ಊರಿನ ಹೈಸ್ಕೂಲಿನಲ್ಲಿ ಮೇಷ್ಟ್ರಾದರು. ಮಕ್ಕಳನ್ನು ಊರಿನ ಕಸದ ರಾಶಿಗೆ ಕರೆದುಕೊಂಡು ಹೋಗಿ, ಅಲ್ಲಿ ಸಿಕ್ಕ ಹಳೇ ಯಂತ್ರಗಳ ತುಂಡುಗಳಲ್ಲೇ ಪಾಠ ಮಾಡುತ್ತಿದ್ದರಂತೆ. ಮತ್ತೆ ವಿಶ್ವವಿದ್ಯಾಲಯ ಸೇರಿದ ಮೇಲೆ ವಿದ್ಯಾರ್ಥಿಗಳಿಗಾಗಿ ಪ್ರಯೋಗಗಳದ್ದೇ ಒಂದು ಲೈಬ್ರರಿ ಮಾಡಿದರು: ಬನ್ನಿ, ನಿಮಗೆ ಬೇಕಾದ ಪ್ರಯೋಗ ಆರಿಸಿಕೊಳ್ಳಿ, ನಿಮಗೆ ಬೇಕಾದಷ್ಟು ಹೊತ್ತು ಮಾಡಿ. 1965ರಲ್ಲಿ ಯುರೋಪಿನ ಮ್ಯೂಸಿಯಂಗಳನ್ನು ಸುತ್ತಿ ಬಂದರು. 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವರು ಕಟ್ಟಿದ, ಮಾಡಿ ನೋಡುವ ಮ್ಯೂಸಿಯಂ ಎಕ್ಸ್‌ಪ್ಲೊರೇಟೋರಿಯಂ ತೆರೆಯಿತು.

ಮ್ಯೂಸಿಯಂನಲ್ಲಿ ಯಾರೂ ಫೇಲ್ ಆಗುವುದಿಲ್ಲ ಅನ್ನುವುದು ಅವರ ನಂಬಿಕೆ. ನನಗೆ ತುಂಬಾ ಹಿಡಿಸಿದ್ದು ಇದೇ. ನಮ್ಮ ಮಕ್ಕಳ ದಿನದಲ್ಲಿ ಶಾಲೆ, ಟ್ಯೂಷನ್, ಸಂಗೀತ, ಈಜು, ಎಲ್ಲ ಕಡೆ ಯಾರೋ ಒಬ್ಬರು ಅಂಕ ಹಾಕುತ್ತಿರುತ್ತಾರೆ. ಅಂಕ ಇಲ್ಲದ ಒಂದು ಜಾಗ ಸಿಕ್ಕಿದೆ. ಅಲ್ಲೂ ಹೋಗಿ ನಾವು "ಇದರಿಂದ ಏನು ಕಲಿತೆ ಹೇಳು" ಅಂತ ಕೇಳಿದರೆ ಅದನ್ನೂ ಪರೀಕ್ಷೆ ಮಾಡಿಬಿಟ್ಟ ಹಾಗೆ.

ಇನ್ನೊಂದು ಕಡೆ ಕಂಡದ್ದು ಹೇಳಬೇಕು. ತಾಮ್ರದ ಕೊಳವೆಯೊಳಗೆ ಅಯಸ್ಕಾಂತ ಬೀಳಿಸುವ ಆಟ ಅದು. ತಾಮ್ರಕ್ಕೆ ಅಯಸ್ಕಾಂತ ಅಂಟುವುದಿಲ್ಲ, ಹಾಗಾಗಿ ಸುಮ್ನೆ ಸರ್ರನೆ ಬಿದ್ದುಹೋಗುತ್ತದೆ ಅಂತ ಎಲ್ಲರಿಗೂ ಅನಿಸುತ್ತದೆ. ಬಿಟ್ಟು ನೋಡಿದರೆ ಅದು ತೇಲಿಕೊಂಡು ಬಂದ ಹಾಗೆ ಮೆಲ್ಲಗೆ ಇಳಿಯುತ್ತದೆ. ಬೀಳುತ್ತಿರುವ ಅಯಸ್ಕಾಂತದಿಂದ ಕೊಳವೆಯ ಗೋಡೆಯಲ್ಲಿ ವಿದ್ಯುತ್ ಸುತ್ತು ಹುಟ್ಟುತ್ತದೆ, ಆ ವಿದ್ಯುತ್ತಿನಿಂದ ಇನ್ನೊಂದು ಅಯಸ್ಕಾಂತ ಬಲ ಹುಟ್ಟುತ್ತದೆ, ಅದು ಬೀಳುವುದನ್ನೇ ತಡೆಯುತ್ತದೆ. ಬೆರಗಾಗುವಂಥದ್ದು. ಆದರೆ ಅಯಸ್ಕಾಂತ ಇನ್ನೂ ಮಗುವಿನ ಕೈಯಲ್ಲಿರುವಾಗಲೇ ಪಕ್ಕದಲ್ಲಿದ್ದ ದೊಡ್ಡವರು ಈ ವಿವರಣೆಯನ್ನೆಲ್ಲ ಕೊಟ್ಟು ಮುಗಿಸಿದ್ದರು. ಹುಡುಗ ಅದನ್ನು ಬಿಟ್ಟ, ನಿಧಾನ ಇಳಿಯಿತು, ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ. ಆಗುವುದನ್ನು ಮೊದಲೇ ಹೇಳಿದ ಮೇಲೆ ನೋಡುವುದಕ್ಕೆ ಏನಿರುತ್ತೆ?

ವಿವರಣೆ ಬೇಡ ಅನ್ನುತ್ತಿಲ್ಲ, ಖಂಡಿತ ಬೇಕು. ಆದರೆ ಆಮೇಲೆ. ಮೊದಲು ಮಗು ಬೀಳಿಸಲಿ, ಕಣ್ಣರಳಿಸಲಿ, ಇನ್ನೊಮ್ಮೆ ಬೀಳಿಸಲಿ, ಯಾಕೆ ಹೀಗೆ ಅಂತ ಕೇಳಲಿ. ಕೇಳಿದಾಗ ನಮಗೆ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಒಟ್ಟಿಗೆ ನೋಡಬಹುದು. ಎಕ್ಸ್‌ಪ್ಲೊರೇಟೋರಿಯಂನವರು ಮನೆಮಂದಿ ಒಟ್ಟಾಗಿ ಬಂದಾಗ ಹೇಗೆ ಕಲಿಯುತ್ತಾರೆ ಅಂತ ವರ್ಷಗಟ್ಟಲೆ ಗಮನಿಸಿ ಒಂದು ಸರಳ ಆಟ ಮಾಡಿದ್ದಾರೆ. ಎಲ್ಲರೂ ಸೇರಿ ಒಂದು ಪ್ರಶ್ನೆ ಹುಡುಕಬೇಕು. ಅದರ ಉತ್ತರ ನಮ್ಮಲ್ಲಿ ಯಾರಿಗೂ ಗೊತ್ತಿರಬಾರದು, ಆದರೆ ಅಲ್ಲೇ ಎದುರಿಗಿರುವ ವಸ್ತುವನ್ನು ಬಳಸಿ ಅದನ್ನು ಕಂಡುಕೊಳ್ಳುವ ಹಾಗಿರಬೇಕು. ಕೊನೆಗೆ ಏನು ಕಂಡೆವು ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕು. ಅಷ್ಟೇ. ಸ್ಟೂಲಿನ ಹುಡುಗಿ ಕೇಳಿದ್ದು ಸರಿಯಾಗಿ ಇಂಥದ್ದೇ ಪ್ರಶ್ನೆ.

ಆ ಹುಡುಗಿಯ ನೆನಪಾದಾಗೆಲ್ಲ ಇನ್ನೊಂದು ವಿಷಯ ಮನಸ್ಸಿಗೆ ಬರುತ್ತದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಮಕ್ಕಳ ಮ್ಯೂಸಿಯಂನಲ್ಲಿ ಮಾಡಿದ ಒಂದು ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಅಪ್ಪ ಅಮ್ಮಂದಿರು ಮಕ್ಕಳ ಜೊತೆ ಹೇಗೆ ಮಾತಾಡುತ್ತಾರೆ ಅಂತ ಸಂಶೋಧಕರು ಗಮನಿಸಿದರು. ಇದನ್ನು ಹೀಗೆ ಹಿಡಿ, ಇಲ್ಲಿ ನೋಡು ಅಂತ ಹೇಳುವುದು ಗಂಡು ಮಕ್ಕಳಿಗೂ ಹೆಣ್ಣು ಮಕ್ಕಳಿಗೂ ಹೆಚ್ಚುಕಡಿಮೆ ಒಂದೇ ಥರ ಇತ್ತು. ಆದರೆ ಯಾಕೆ ಹೀಗಾಗುತ್ತದೆ ಅಂತ ವಿವರಿಸುವುದು ಗಂಡು ಮಕ್ಕಳಿಗೆ ಮೂರು ಪಟ್ಟು ಜಾಸ್ತಿ! ಶಾಲೆಗೂ ಹೋಗದ ಪುಟಾಣಿಗಳೂ ಆ ಮಕ್ಕಳಲ್ಲಿದ್ದರು. ಮಗಳಿಗೆ ವಿಜ್ಞಾನ ಬೇಡ ಅಂತ ಆ ತಂದೆ ತಾಯಿಯರು ತೀರ್ಮಾನಿಸಿ ಬಂದಿರಲಿಲ್ಲ, ಗೊತ್ತಿಲ್ಲದೇ ಆಗಿದ್ದು. ಗೊತ್ತಿಲ್ಲದೇ ಆಗುತ್ತದೆ ಅನ್ನುವುದೇ ನನಗೆ ಚಿಂತೆ. ಮಗಳು "ಯಾಕೆ" ಅಂತ ಕೇಳದಿದ್ದರೂ ಅವಳ ತಲೆಯಲ್ಲಿ ಆ ಪ್ರಶ್ನೆ ಓಡುತ್ತಿರಬಹುದು. ಅವಳ ಪಕ್ಕ ನಿಂತು, "ನಿನಗೇನನ್ಸುತ್ತೆ?" ಅಂತ ಕೇಳಿ. ಕೇಳಿದ ಮೇಲೆ ಉತ್ತರಕ್ಕೆ ಕಾಯಿರಿ.

ಹಾಗೇ ಕೇಳುವಾಗ ಕನ್ನಡದಲ್ಲಿ ಕೇಳಿ. ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ಬಾಯಿ ಬಿಡಲು ಹಿಂಜರಿಯುವ ಮಕ್ಕಳು ಅಲ್ಲಿ ಹೇಗೆ ಮಾತಾಡಿದರು ಗೊತ್ತಾ? ಹಾಲಿನ ಎರಡು ತುದಿಯಲ್ಲಿ ಎದುರುಬದುರಾಗಿ ಎರಡು ದೊಡ್ಡ ಬೋಗುಣಿಯಾಕಾರದ ತಟ್ಟೆಗಳಿದ್ದವು. ಒಂದರ ಮುಂದೆ ಸರಿಯಾದ ಜಾಗದಲ್ಲಿ ನಿಂತು ಪಿಸುಗುಟ್ಟಿದರೆ, ಆ ದನಿ ತಟ್ಟೆಗೆ ತಾಗಿ ನೇರವಾಗಿ ಎದುರಿನ ತಟ್ಟೆಗೆ ಹೋಗಿ, ಅಲ್ಲಿ ನಿಂತವರ ಕಿವಿಯ ಹತ್ತಿರ ಒಟ್ಟುಗೂಡುತ್ತದೆ. ನಡುವೆ ಜನ ಗಲಾಟೆ ಮಾಡುತ್ತಾ ಓಡಾಡುತ್ತಿದ್ದರೂ ಸ್ಪಷ್ಟವಾಗಿ ಕೇಳುತ್ತದೆ. ಅಲ್ಲಿ ಬೇರೆ ಮಕ್ಕಳೂ ಸರದಿಗೆ ನಿಂತಿದ್ದರು. ನಮ್ಮವರಿಗೆ ಗುಟ್ಟಾಗಿ ಮಾತಾಡಬೇಕಿತ್ತು, ಯಾರಿಗೂ ಅರ್ಥವಾಗದ ಭಾಷೆ ತಮ್ಮ ಹತ್ತಿರ ಇದೆ ಅಂತ ಥಟ್ಟನೆ ಹೊಳೆಯಿತು. "ಕೇಳ್ತಾ ಇದ್ಯಾ?" "ಕೇಳ್ತು!" "ನಿನ್ನ ಹಿಂದೆ ಇರೋನ ಟೋಪಿ ನೋಡು." ವ್ಯಾಕರಣ ಅಲ್ಲಲ್ಲಿ ತಪ್ಪಿತ್ತು, ತಪ್ಪಿರಲಿ. ಕೈಯಲ್ಲಿ ಕೆಲಸ ಇದ್ದಾಗ, ಹೇಳಲೇಬೇಕಾದ ಮಾತು ಇದ್ದಾಗ ಭಾಷೆ ತಾನಾಗಿ ಬರುತ್ತದೆ ಅನ್ನುವುದನ್ನು ನಾನು ಕಣ್ಣಾರೆ ಕಂಡೆ, ತುಂಬಾ ಖುಷಿಯಾಯಿತು.

ಜೊತೆಗೆ ಬಂದಿದ್ದ ಅಜ್ಜ ಅಜ್ಜಿಯರಿಗೂ ಧನ್ಯವಾದ. ಜೀವಮಾನವಿಡೀ ಯಂತ್ರಗಳ ನಡುವೆ ದುಡಿದ ಒಬ್ಬ ತಾತ ಹಲ್ಲುಚಕ್ರಗಳ ಮೇಜಿನ ಹತ್ತಿರ ಮಕ್ಕಳ ಜೊತೆ ನೆಲದ ಮೇಲೇ ಕೂತಿದ್ದರು. ಏನೂ ಹೇಳಿಕೊಡಲಿಲ್ಲ, ತಾವೂ ಒಂದು ಚಕ್ರ ಜೋಡಿಸಿ, ಅದು ಯಾವ ಕಡೆ ತಿರುಗುತ್ತದೆ ಹೇಳು ನೋಡೋಣ ಅಂದರು. ಅಷ್ಟರಲ್ಲೇ ಸುತ್ತ ಮಕ್ಕಳ ಗುಂಪು ಸೇರಿಬಿಟ್ಟಿತು.

ಮುಂದಿನ ಸಲಕ್ಕೆ ನನ್ನದೊಂದು ಸಲಹೆ ಇದೆ, ಸಮಿತಿಯ ಮುಂದೆಯೂ ಇಟ್ಟಿದ್ದೇನೆ. ಎಕ್ಸ್‌ಪ್ಲೊರೇಟೋರಿಯಂನಲ್ಲಿ ಶುರುವಿನಿಂದಲೂ ಹೈಸ್ಕೂಲು ವಯಸ್ಸಿನ ಹುಡುಗ ಹುಡುಗಿಯರನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ. ಬಂದವರ ಜೊತೆ ನಿಂತು ಮಾಡಿ ತೋರಿಸುವುದು ಇವರ ಕೆಲಸ. ದೊಡ್ಡ ಪಂಡಿತರೇ ಆಗಿರಬೇಕಿಲ್ಲ. ನಿನ್ನೆ ಮೊನ್ನೆ ತಾನೇ ಕಲಿತವರಿಗೆ ಎಲ್ಲಿ ಗೊಂದಲವಾಗುತ್ತದೆ ಅಂತ ಚೆನ್ನಾಗಿ ನೆನಪಿರುತ್ತದೆ. ನಮ್ಮ ಕೂಟದಲ್ಲೂ ಆ ವಯಸ್ಸಿನವರಿದ್ದಾರೆ. ಹಬ್ಬದ ಕಾರ್ಯಕ್ರಮಗಳಲ್ಲಿ ಹಿಂದಿನ ಸಾಲಿನಲ್ಲಿ ಫೋನು ನೋಡುತ್ತಾ ಕೂತಿರುತ್ತಾರೆ, ಯಾಕೆಂದರೆ ನಾವು ಅವರಿಗೆ ಮಾಡಲು ಏನೂ ಕೊಟ್ಟಿಲ್ಲ. ಈ ಸಲ ಕೊಡೋಣ. ಒಬ್ಬೊಬ್ಬರ ಜೊತೆ ನಾಲ್ಕೈದು ಚಿಕ್ಕ ಮಕ್ಕಳು, ಇಡೀ ದಿನಕ್ಕೆ ಆರೇಳು ಪ್ರಯೋಗ ಮಾತ್ರ. ಆರಿಸುವುದು ಮಕ್ಕಳೇ. ಅಪ್ಪ ಅಮ್ಮಂದಿರು ಎರಡು ಹೆಜ್ಜೆ ಹಿಂದೆ.

ಅಲ್ಲಿಯವರೆಗೆ ಮನೆಯಲ್ಲೇ ಮಾಡಲು ಎರಡು ಕೆಲಸ. ಹೇರ್ ಡ್ರೈಯರನ್ನು ತಣ್ಣನೆ ಗಾಳಿಗೆ ಇಟ್ಟು, ಮೇಲ್ಮುಖವಾಗಿ ಹಿಡಿದು, ಗಾಳಿಯಲ್ಲಿ ಒಂದು ಪಿಂಗ್‌ಪಾಂಗ್ ಚೆಂಡು ಬಿಡಿ. ಚೆಂಡು ಅಲ್ಲೇ ನಿಲ್ಲುತ್ತದೆ. ಡ್ರೈಯರನ್ನು ಮೆಲ್ಲಗೆ ಓರೆ ಮಾಡುತ್ತಾ ಹೋದರೂ ಬೀಳುವುದಿಲ್ಲ, ಎಷ್ಟು ಓರೆಯ ತನಕ ಅಂತ ಮಕ್ಕಳು ನೋಡಲಿ. ಇನ್ನೊಂದು, ದಾರಕ್ಕೆ ಒಂದು ನಟ್ಟು ಕಟ್ಟಿ ತೂಗುಬಿಡಿ. ದಾರ 1 ಮೀಟರ್ ಇದ್ದರೆ ಒಮ್ಮೆ ಹೋಗಿ ಬರಲು ಸುಮಾರು 2 ಸೆಕೆಂಡ್ ಬೇಕು. ಅದನ್ನು 1 ಸೆಕೆಂಡಿಗೆ ತರುವುದು ಹೇಗೆ? ನಟ್ಟು ಭಾರವಾಗಿಸಬೇಕಾ, ದಾರ ಅರ್ಧ ಮಾಡಬೇಕಾ, ಜೋರಾಗಿ ತಳ್ಳಬೇಕಾ? ನೀವು ಉತ್ತರ ಹೇಳಬೇಡಿ, ನಾನೂ ಹೇಳುವುದಿಲ್ಲ. ಕಂಡುಹಿಡಿದ ಮಕ್ಕಳು ಚಿತ್ರ ಬಿಡಿಸಿ ಕಳಿಸಲಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

ಚಿಕ್ಕವರ ಜೊತೆ ನಿಲ್ಲಲು ಇಷ್ಟವಿರುವ ಹೈಸ್ಕೂಲಿನ ಮಕ್ಕಳು ಸಮಿತಿಯವರಲ್ಲಿ ಯಾರಿಗಾದರೂ ಹೆಸರು ಕೊಡಿ. ಪ್ರವಾಸಕ್ಕೆ ಮೊದಲು ಒಂದು ದಿನ ಅವರನ್ನಷ್ಟೇ ಮ್ಯೂಸಿಯಂಗೆ ಕರೆದುಕೊಂಡು ಹೋಗಿ, ಅವರಿಗೂ ಮನಸ್ಸು ತೃಪ್ತಿಯಾಗುವಷ್ಟು ಆಡಲು ಬಿಡುತ್ತೇವೆ.

ನಿಮ್ಮ ಸಂಪಾದಕ