ಮೂರು ಸಾಲಿನ ಕೀಲಿಮಣೆಯಲ್ಲಿ ‘ಡ’ ಎಲ್ಲಿದೆ?

ಸಂಪಾದಕರಿಗೆ,

ಮಾನ್ಯರೇ,

ನಾನು ವಾಸವಾಗಿರುವ ಊರು ಮುಂಬಯಿ ಬಳಿಯ ಡೊಂಬಿವಲಿ. ಕಳೆದ ಮಳೆಗಾಲದವರೆಗೂ ನನ್ನ ಕೈಯಲ್ಲಿರುವ ಪುಟ್ಟ ಉಪಕರಣದಲ್ಲಿ ಈ ಊರಿನ ಹೆಸರಿನ ಮೊದಲ ಅಕ್ಷರವನ್ನು ಮೂಡಿಸಲಾಗುತ್ತಿರಲಿಲ್ಲ. ‘ಡ’ಕಾರವೂ ಇಲ್ಲ, ಅದಕ್ಕೆ ಸೇರಬೇಕಾದ ಹ್ರಸ್ವ ಒಕಾರದ ಚಿಹ್ನೆಯೂ ಇಲ್ಲ. ಊರಿನ ಹೆಸರು ಹಾಗಿರಲಿ, ‘ಕನ್ನಡ’ ಎಂಬ ಪದವೇ ‘ಕನ್ನ’ದ ಬಳಿ ನಿಂತುಬಿಡುತ್ತಿತ್ತು. ಹೀಗೇಕಾಗುತ್ತದೆ, ಇದನ್ನು ಬಳಕೆದಾರನೇ ಹೇಗೆ ಸರಿಪಡಿಸಿಕೊಳ್ಳಬಹುದು, ಹಾಗೆ ಸರಿಪಡಿಸಿಕೊಂಡದ್ದು ಅವನೊಬ್ಬನ ಬಳಿಯೇ ಏಕೆ ಉಳಿಯಬಾರದು ಎಂಬುದನ್ನು ನಿಮ್ಮ ಓದುಗರ ಮುಂದಿಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಉಪಕರಣ ಹಳೆಯದು. 2009ರಲ್ಲಿ ಮಾರುಕಟ್ಟೆಗೆ ಬಂದ ನೋಕಿಯಾ ಎನ್‌900. ಲ್ಯಾಮಿಂಗ್ಟನ್ ರಸ್ತೆಯ ಒಂದು ಅಂಗಡಿಯಲ್ಲಿ ಬಳಸಿದ ಫೋನುಗಳ ರಾಶಿಯಲ್ಲಿ ಸಿಕ್ಕಿತು. ಮೂರೂವರೆ ಅಂಗುಲದ ಪರದೆಯನ್ನು ಸರಿಸಿದರೆ ಅಡಿಯಿಂದ ಮೂರು ಸಾಲಿನ ಕೀಲಿಮಣೆ ಹೊರಬರುತ್ತದೆ. ಈಗ ಅದರಲ್ಲಿ ಮೇಮೋ ಲೆಸ್ಟೆ ಎಂಬ ಮುಕ್ತ ತಂತ್ರಾಂಶದ ಲಿನಕ್ಸ್ ವ್ಯವಸ್ಥೆ ಓಡುತ್ತಿದೆ. ಇಷ್ಟು ಹಳೆಯ ಸಾಧನದ ಮೇಲೆ ಮೋಹವೇಕೆ ಎಂದು ಮನೆಯವರೂ ಕೇಳುತ್ತಾರೆ. ಬೆಳಗಿನ ಲೋಕಲಿನಲ್ಲಿ ಬಾಗಿಲ ಬಳಿ ಒಂದು ಕೈಯಳತೆಯ ಜಾಗದಲ್ಲಿ ನಿಂತು ಬರೆಯುವವನಿಗೆ, ಗಾಡಿ ಕುಲುಕಿದಾಗಲೂ ಹೆಬ್ಬೆರಳಿಗೆ ತಾಗುವ ನಿಜವಾದ ಕೀಲಿಗಳಿರುವುದು ಸಣ್ಣ ಅನುಕೂಲವೇನೂ ಅಲ್ಲ. ನುಣುಪಾದ ಗಾಜಿನ ಮೇಲೆ ಆ ಭರವಸೆ ನನಗೆ ಎಂದೂ ಸಿಕ್ಕಿಲ್ಲ.

ನಾನು ಬಳಸುವುದು ಇನ್‌ಸ್ಕ್ರಿಪ್ಟ್ ವಿನ್ಯಾಸವನ್ನು, ಅಂದರೆ ಯಾವ ಕೀಲಿಗೆ ಯಾವ ಅಕ್ಷರ ಎಂಬ ಆ ಹೆಸರಿನ ಹಂಚಿಕೆಯನ್ನು. ಕಚೇರಿಯ ಕೆಲಸಕ್ಕಾಗಿ ಮರಾಠಿಯಲ್ಲಿ ಬೆರಳಚ್ಚು ಕಲಿತಾಗ ಬೆರಳಿಗೆ ಅಂಟಿಕೊಂಡದ್ದು ಅದೇ. ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ಮಾನಕವಾಗಿ ತಂದ ಈ ವಿನ್ಯಾಸದ ದೊಡ್ಡ ಗುಣವೆಂದರೆ, ಬ್ರಾಹ್ಮಿ ಮೂಲದ ಭಾರತೀಯ ಲಿಪಿಗಳಲ್ಲೆಲ್ಲ ಒಂದೇ ಉಚ್ಚಾರಣೆಯ ಅಕ್ಷರ ಒಂದೇ ಕೀಲಿಯಲ್ಲಿರುವುದು. ಮರಾಠಿಯ ‘ಕ’ ಎಲ್ಲಿದೆಯೋ ಕನ್ನಡದ ‘ಕ’ವೂ ಅಲ್ಲೇ ಇರುತ್ತದೆ. ಸೊಸೈಟಿಯ ಸೂಚನಾ ಫಲಕಕ್ಕೆ ಮರಾಠಿಯಲ್ಲೂ ಊರಿನ ಅಣ್ಣನಿಗೆ ಕನ್ನಡದಲ್ಲೂ ಬರೆಯಬೇಕಾದ ಮುಂಬಯಿಯ ಕನ್ನಡಿಗನಿಗೆ ಇದಕ್ಕಿಂತ ಹೊಂದುವ ಏರ್ಪಾಡು ಇನ್ನೊಂದಿಲ್ಲ ಎಂಬುದು ನನ್ನ ಅನುಭವ.

ತೊಡಕು ಇರುವುದು ಆ ವಿನ್ಯಾಸ ದೊಡ್ಡ ಕೀಲಿಮಣೆಯನ್ನು ಕಣ್ಣಮುಂದೆ ಇಟ್ಟುಕೊಂಡು ಹುಟ್ಟಿದ್ದರಲ್ಲಿ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳ ಕೀಲಿಗಳು ಕನ್ನಡಕ್ಕೆ ಸಾಲವಾದ್ದರಿಂದ ಅದು ಪಕ್ಕದ ಚಿಹ್ನೆಗಳ ಕೀಲಿಗಳನ್ನೂ ಎಳೆದುಕೊಂಡಿದೆ. ‘ಡ’ ಮತ್ತು ‘ಢ’ ಚೌಕ ಆವರಣದ ಕೀಲಿಯಲ್ಲಿವೆ. ‘ಚ’ ಅರ್ಧವಿರಾಮದ ಕೀಲಿಯಲ್ಲಿದೆ, ‘ಟ’ ಉದ್ಧರಣ ಚಿಹ್ನೆಯ ಕೀಲಿಯಲ್ಲಿ, ‘ಯ’ ಓರೆಗೆರೆಯ ಕೀಲಿಯಲ್ಲಿ. ಹ್ರಸ್ವ ‘ಒ’ ಮತ್ತು ಅದರ ಚಿಹ್ನೆ ಅಂಕಿಗಳ ಸಾಲಿನ ಎಡತುದಿಯ ಕೀಲಿಯಲ್ಲಿ, ‘ಋ’ ಮತ್ತು ವಟ್ರಸುಳಿ ಸಮಚಿಹ್ನೆಯ ಕೀಲಿಯಲ್ಲಿ ಕುಳಿತಿವೆ. ಎನ್‌900ರಲ್ಲಿ ಅಂಕಿಗಳಿಗೇ ಪ್ರತ್ಯೇಕ ಸಾಲಿಲ್ಲ. ನೀಲಿ ಬಾಣದ ಕೀಲಿಯೊಡನೆ ಮೇಲಿನ ಸಾಲನ್ನು ಒತ್ತಿ ಅಂಕಿ ಪಡೆಯಬೇಕು. ಚಿಹ್ನೆಗಳ ಕೀಲಿಗಳು ಇಲ್ಲವಾದೊಡನೆ ಆ ಅಕ್ಷರಗಳೂ ಇಲ್ಲವಾದವು. ‘ಟ’, ‘ಡ’, ‘ಚ’, ‘ಯ’ಗಳಿಲ್ಲದೆ ಮರಾಠಿಯೂ ಕುಂಟುತ್ತದೆ, ಆದರೆ ಎಕಾರ ಒಕಾರಗಳಲ್ಲಿ ಹ್ರಸ್ವ ದೀರ್ಘ ಭೇದವಿಲ್ಲದ ಮರಾಠಿಗೆ ‘ಒ’ ಹೋದದ್ದು ತಿಳಿಯುವುದೇ ಇಲ್ಲ. ಆ ನಷ್ಟ ಕನ್ನಡದಂಥ ಭಾಷೆಗಳದ್ದು.

ಕೆ.ಪಿ. ರಾವ್ ಅವರ ಕಗಪ ವಿನ್ಯಾಸವನ್ನು ಬಳಸಬಾರದೇ ಎಂದು ಬಲ್ಲವರು ಕೇಳಬಹುದು. ಅಕ್ಷರಗಳೆಲ್ಲ ಇಂಗ್ಲಿಷ್ ಅಕ್ಷರದ ಕೀಲಿಗಳೊಳಗೇ ಅಡಕವಾಗುವ ಆ ವಿನ್ಯಾಸ ಸಣ್ಣ ಕೀಲಿಮಣೆಗೆ ಹೇಳಿ ಮಾಡಿಸಿದಂತಿರುವುದು ನಿಜ. ಆದರೆ ಅದರ ಜಾಣ್ಮೆಯೆಲ್ಲ ಇರುವುದು ಹಿಂದಿನ ಅಕ್ಷರವನ್ನು ನೋಡಿ ಸ್ವರ ಬೇಕೋ ಸ್ವರಚಿಹ್ನೆ ಬೇಕೋ ಎಂದು ತೀರ್ಮಾನಿಸುವುದರಲ್ಲಿ. ಲಿನಕ್ಸ್‌ನ ಎಕ್ಸ್‌ಕೆಬಿ ಕೀಲಿ ವ್ಯವಸ್ಥೆಗೆ ಹಿಂದೆ ತಿರುಗಿ ನೋಡುವ ಶಕ್ತಿಯಿಲ್ಲ. ಒತ್ತಿದ ಕೀಲಿಗೆ ನಿಗದಿಯಾದ ಅಕ್ಷರವನ್ನು ಕೊಟ್ಟು ಸುಮ್ಮನಾಗುತ್ತದೆ. ಹೀಗಾಗಿ ಎಕ್ಸ್‌ಕೆಬಿಯಲ್ಲಿ ಸಿಗುವ ಕಗಪದಲ್ಲಿ ಸ್ವರಕ್ಕೂ ಸ್ವರಚಿಹ್ನೆಗೂ ಬೇರೆ ಬೇರೆ ಸ್ಥಾನ ಕೊಡಬೇಕಾಗಿದೆ. ಹಿಂದಿನ ಅಕ್ಷರವನ್ನು ಗಮನಿಸುವ ಎಂ17ಎನ್‌ನಂಥ ಬರವಣಿಗೆಯ ಪದರವನ್ನು ಅದರ ಮೇಲೆ ಹಾಕಿಕೊಳ್ಳಬಹುದು, ಆದರೆ 256 ಎಂಬಿ ಸ್ಮೃತಿಯ (ರ್‍ಯಾಮ್) ನನ್ನ ಮುದಿ ಯಂತ್ರದ ಮೇಲೆ ಇನ್ನೊಂದು ಹೊರೆ ಹೇರಲು ನನಗೆ ಮನಸ್ಸಾಗಲಿಲ್ಲ.

ಇನ್ನು ಪರಿಹಾರದ ಮಾತು. ನಾವು ಇಂಗ್ಲಿಷಿನ ‘ಎ’ ಕೀಲಿಯನ್ನು ಒತ್ತಿದಾಗ ಲಿನಕ್ಸ್‌ನ ತಿರುಳು (ಕರ್ನಲ್) ಅದನ್ನು 30 ಎಂಬ ಸಂಖ್ಯೆಯಾಗಿ ಗುರುತಿಸುತ್ತದೆ. ಪರದೆ, ಕೀಲಿಗಳನ್ನು ನೋಡಿಕೊಳ್ಳುವ ಎಕ್ಸ್ ವ್ಯವಸ್ಥೆ ಅದಕ್ಕೆ 8 ಕೂಡಿಸಿ 38 ಮಾಡಿಕೊಂಡು, ‘ಎಸಿ01’ ಎಂಬ ಹೆಸರಿಡುತ್ತದೆ. ಅಂದರೆ ಅಕ್ಷರ ವಿಭಾಗದ ‘ಸಿ’ ಸಾಲಿನ ಒಂದನೆಯ ಕೀಲಿ. ಆ ಹೆಸರಿನ ಎದುರು ಯಾವ ಅಕ್ಷರ ಬರಬೇಕೆಂಬುದು ಒಂದು ಸಾಧಾರಣ ಪಠ್ಯ ಕಡತದಲ್ಲಿ ಬರೆದಿರುತ್ತದೆ. ಒಂದು ಕೀಲಿಗೆ ಸಾಮಾನ್ಯವಾಗಿ ನಾಲ್ಕು ಸ್ಥಾನಗಳು: ಬರಿದೇ ಒತ್ತಿದಾಗ, ಶಿಫ್ಟ್‌ನೊಂದಿಗೆ, ಮೂರನೆಯ ಮಟ್ಟದ ಕೀಲಿಯೊಂದಿಗೆ, ಇವೆರಡೂ ಸೇರಿದಾಗ. ಎನ್‌900ರಲ್ಲಿ ನೀಲಿ ಬಾಣವೇ ಮೂರನೆಯ ಮಟ್ಟದ ಕೀಲಿ. ಕನ್ನಡದ ಇನ್‌ಸ್ಕ್ರಿಪ್ಟ್ ಕಡತದಲ್ಲಿ ಈ ಮೂರನೆಯ ಮತ್ತು ನಾಲ್ಕನೆಯ ಸ್ಥಾನಗಳು ಬಹುಪಾಲು ಖಾಲಿ ಬಿದ್ದಿರುವುದರಿಂದ, ಮನೆ ಕಳೆದುಕೊಂಡ ಅಕ್ಷರಗಳನ್ನು ಅಲ್ಲಿಗೆ ತಂದು ಕೂರಿಸುವುದಷ್ಟೇ ಕೆಲಸ. ‘ಡ’ಕಾರದ ಯೂನಿಕೋಡ್ ಸಂಖ್ಯೆ 0ಸಿಎ1, ಅದನ್ನು ಬೇಕಾದ ಕೀಲಿಯ ಎದುರು ಬರೆದು ಕಡತವನ್ನು ಮತ್ತೆ ಓದಿಸಿದರೆ ಮುಗಿಯಿತು. ಇದಕ್ಕೆ ಪ್ರೋಗ್ರಾಂ ಬರೆಯಲು ಬರಬೇಕಾಗಿಲ್ಲ, ನನಗೂ ಬರುವುದಿಲ್ಲ.

ಯಾವ ಅಕ್ಷರವನ್ನು ಎಲ್ಲಿ ಕೂರಿಸುವುದು ಎಂಬುದಕ್ಕೆ ಮಾತ್ರ ತಲೆ ಓಡಿಸಬೇಕು. ‘ದ’ದ ಕೀಲಿಯಲ್ಲಿ ‘ಡ’, ‘ಜ’ದ ಕೀಲಿಯಲ್ಲಿ ‘ಚ’ ಇದ್ದರೆ ನೆನಪಿಡಲು ಸುಲಭವೆಂದು ಮೊದಲು ಹಾಗೆಯೇ ಮಾಡಿದೆ. ಆ ಎರಡೂ ಕೀಲಿಗಳ ಮೂರನೆಯ ಸ್ಥಾನದಲ್ಲಿ 9 ಮತ್ತು 0 ಇದ್ದದ್ದು ಮರೆತೇಹೋಗಿತ್ತು. ಎರಡು ದಿನ ಯಾರಿಗೂ ಫೋನ್ ಸಂಖ್ಯೆ ಬರೆದು ಕಳಿಸಲಾಗದೆ, 9.09ರ ಲೋಕಲನ್ನು ‘ಒಂಬತ್ತರ ಮೇಲಿನದು’ ಎಂದು ಬರೆಯಬೇಕಾಯಿತು. ಆಮೇಲೆ ಮೇಲಿನ ಸಾಲನ್ನು ಮುಟ್ಟಬಾರದೆಂದು ನಿಯಮ ಮಾಡಿಕೊಂಡೆ. ಈಗ ‘ತ’ ಇರುವ ಎಲ್ ಕೀಲಿಯ ಮೂರನೆಯ ಸ್ಥಾನದಲ್ಲಿ ‘ಟ’, ನಾಲ್ಕನೆಯದರಲ್ಲಿ ‘ಠ’ ಇವೆ. ಅದರ ಪಕ್ಕದ ಕೆ ಕೀಲಿಯಲ್ಲಿ ‘ಡ’ ಮತ್ತು ‘ಢ’, ಅದರಾಚೆ ಜೆ ಕೀಲಿಯಲ್ಲಿ ‘ಚ’ ಮತ್ತು ‘ಛ’. ‘ಯ’ ತನ್ನ ಹಳೆಯ ಮೂಲೆಗೆ ಹತ್ತಿರವಿರಲೆಂದು ಎಂ ಕೀಲಿಗೆ ಹೋಯಿತು. ಓತ್ವ ಮತ್ತು ‘ಓ’ ಇರುವ ಎ ಕೀಲಿಯಲ್ಲೇ ಒತ್ವ ಮತ್ತು ‘ಒ’. ಇದೊಂದು ನನಗೆ ನಿಜಕ್ಕೂ ಸಮಾಧಾನ ತಂದ ಜೋಡಣೆ. ಎರಡು ಹೆಬ್ಬೆರಳಿನಲ್ಲಿ ಮೂರು ಕೀಲಿ ಹಿಡಿಯಲಾಗದು, ಆದ್ದರಿಂದ ನೀಲಿ ಬಾಣವನ್ನು ಒತ್ತಿ ಬಿಟ್ಟರೆ ಮುಂದಿನ ಒಂದು ಅಕ್ಷರಕ್ಕೆ ಅದು ಅನ್ವಯವಾಗುವಂತೆ ‘ಲ್ಯಾಚ್’ ಮಾಡಿಕೊಂಡಿದ್ದೇನೆ. ಮರಾಠಿಯ ಕಡತಕ್ಕೂ ಇದೇ ಸ್ಥಾನಗಳನ್ನು ಕೊಟ್ಟೆ. ಎಕ್ಸ್‌ಕೆಬಿ ಏಕಕಾಲಕ್ಕೆ ನಾಲ್ಕು ವಿನ್ಯಾಸಗಳನ್ನು ಇಟ್ಟುಕೊಳ್ಳಬಲ್ಲುದಾದ್ದರಿಂದ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಆರಾಮವಾಗಿ ಹಿಡಿಯುತ್ತವೆ.

ಇಷ್ಟಾದ ಮೇಲೆ ನನ್ನ ದೂರು. ಈ ಭಾಗದ ಒಂದು ಸಂಸ್ಥೆ ನಡೆಸಿದ ಕನ್ನಡ ಗಣಕ ಶಿಬಿರದಲ್ಲಿ ನನ್ನ ಉಪಕರಣವನ್ನು ತೋರಿಸಿ ಸಲಹೆ ಕೇಳಿದಾಗ, ಹೊಸ ಫೋನ್ ಕೊಳ್ಳಿ ಎಂಬ ಉತ್ತರ ಸಿಕ್ಕಿತು. ಶಿಬಿರದಲ್ಲಿ ಕಲಿಸಿದ್ದು ಯಾವ ತಂತ್ರಾಂಶವನ್ನು ಇಳಿಸಿಕೊಳ್ಳಬೇಕು, ಯಾವ ಗುಂಡಿ ಒತ್ತಬೇಕು ಎಂಬುದನ್ನಷ್ಟೇ. ಕೀಲಿಯ ಹಿಂದೆ ತಿದ್ದಬಹುದಾದ ಒಂದು ಕಡತವಿದೆ ಎಂಬ ಮಾತು ಅಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಅರ್ಧ ದಿನದ ಪಾಠದಲ್ಲಿ ಇದನ್ನು ಕಲಿಸಬಹುದು. ಮುಂಬಯಿ, ಪುಣೆಗಳ ಕನ್ನಡ ಸಂಘಗಳು ಮನಸ್ಸು ಮಾಡಬೇಕು.

ಆದರೂ ಒಬ್ಬೊಬ್ಬರೂ ತಮಗೆ ತೋಚಿದಲ್ಲಿ ‘ಡ’ವನ್ನು ಕೂರಿಸಿಕೊಂಡರೆ ಸಾಲದು. ನನ್ನ ಉಪಕರಣವನ್ನು ಇನ್ನೊಬ್ಬ ಕನ್ನಡಿಗನ ಕೈಗೆ ಕೊಟ್ಟರೆ ಅವನು ಕುರುಡನಾಗುತ್ತಾನೆ, ಅವನದರಲ್ಲಿ ನಾನು. ಸಾಲದ್ದಕ್ಕೆ, ವ್ಯವಸ್ಥೆಯ ಕಡತವನ್ನೇ ತಿದ್ದಿದ್ದರಿಂದ ಪ್ರತಿ ನವೀಕರಣದಲ್ಲೂ ನನ್ನ ತಿದ್ದುಪಡಿ ಅಳಿಸಿಹೋಗುತ್ತದೆ. ಎಕ್ಸ್‌ನ ಬದಲಿಗೆ ವೇಲ್ಯಾಂಡ್ ಎಂಬ ವ್ಯವಸ್ಥೆಯನ್ನು ಬಳಸುವ ಹೊಸ ಲಿನಕ್ಸ್ ಫೋನುಗಳಲ್ಲಿ ಬಳಕೆದಾರರು ತಮ್ಮ ಸ್ವಂತ ಕಡತಕೋಶದಲ್ಲೇ ಇಂಥ ವಿನ್ಯಾಸವನ್ನು ಇಟ್ಟುಕೊಳ್ಳಲು ಅವಕಾಶವಿದೆ, ಆಂಡ್ರಾಯ್ಡ್‌ನಲ್ಲೂ 4.1ರ ಆವೃತ್ತಿಯಿಂದ ಭೌತಿಕ ಕೀಲಿಮಣೆಗೆ ಹೊಸ ವಿನ್ಯಾಸವನ್ನು ಆ್ಯಪ್ ರೂಪದಲ್ಲಿ ಸೇರಿಸಬಹುದು. ಎಲ್ಲ ಕಡೆಯೂ ಬೇಕಾದದ್ದು ಒಂದೇ ಒಪ್ಪಿತ ಪಟ್ಟಿ. ಎಕ್ಸ್‌ಕೆಬಿಯ ವಿನ್ಯಾಸಗಳ ಸಂಗ್ರಹಕ್ಕೆ ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು. ಎನ್‌900ರ ಕೀಲಿಮಣೆಗೇ ಅದರಲ್ಲಿ ಪ್ರತ್ಯೇಕ ಕಡತವಿದೆ. ಆದ್ದರಿಂದ ಕನ್ನಡ ಅಭಿವೃದ್ಧಿ ಪ್ರಾಧಿಕಾರವಾಗಲಿ, ಕನ್ನಡ ಗಣಕ ಪರಿಷತ್ತಾಗಲಿ, ಅಂಕಿಸಾಲಿಲ್ಲದ ಕೀಲಿಮಣೆಗಳಲ್ಲಿ ಕನ್ನಡದ ಅಕ್ಷರಗಳು ಎಲ್ಲಿರಬೇಕೆಂದು ಒಂದು ಪುಟದ ಪಟ್ಟಿಯನ್ನು ಗೊತ್ತುಮಾಡಿ, ಅದನ್ನು ಮುಕ್ತ ಪರವಾನಗಿಯಲ್ಲಿ ಆ ಸಂಗ್ರಹಕ್ಕೆ ಸೇರಿಸಬೇಕೆಂದು ಕೋರುತ್ತೇನೆ.

ಚರ್ಚೆಗೆ ನನ್ನ ಪಟ್ಟಿಯನ್ನು ಮೇಲೆ ಬರೆದಿದ್ದೇನೆ. ‘ಡ’ಕ್ಕೆ ‘ಕ’ದ ನೆರಳಿನಲ್ಲಿ ಜಾಗ ಕೊಟ್ಟದ್ದು ಸರಿಯಲ್ಲ ಎನ್ನುವವರಿದ್ದರೆ, ಅವರು ಅದನ್ನು ಎಲ್ಲಿಡುತ್ತಾರೆಂದು ಈ ಅಂಕಣದಲ್ಲೇ ಓದಲು ಕಾದಿರುತ್ತೇನೆ.

ತಮ್ಮ ವಿಶ್ವಾಸಿ,
ಓರ್ವ ಓದುಗ, ಡೊಂಬಿವಲಿ ಪೂರ್ವ